ನೆರೆಮನೆಯ ಅಡುಗೆ ನಮ್ಮ ಒಲೆಯಲ್ಲೂ ಬೇಯಲಿ

ಎರಡು ನೆರೆಮನೆಗಳ ಸಂಬಂಧ ಹೇಗಿದೆಯೆಂದು ತಿಳಿಯಲು ಹೆಚ್ಚಿನ ವಿಚಾರಣೆ ಬೇಕಾಗಿಲ್ಲ. ಹಬ್ಬದ ದಿನ ಆ ಮನೆಯಿಂದ ಈ ಮನೆಗೆ ಒಂದು ತಟ್ಟೆ ಹೋಗುತ್ತದೆಯೇ, ಆ ತಟ್ಟೆ ಬರಿದಾಗಿ ಹಿಂದಿರುಗದೆ ಒಂದು ಹಿಡಿ ಸಕ್ಕರೆಯನ್ನೋ ಎರಡು ಬಾಳೆಹಣ್ಣನ್ನೋ ಹೊತ್ತು ಬರುತ್ತದೆಯೇ ಎಂದು ನೋಡಿದರೆ ಸಾಕು. ಖಾಲಿ ಪಾತ್ರೆಯನ್ನು ಹಿಂದಿರುಗಿಸಬಾರದೆಂಬುದು ನಮ್ಮ ಸೀಮೆಯ ಎಲ್ಲ ಜಾತಿ, ಧರ್ಮಗಳ ಹಿರಿಯ ಹೆಂಗಸರು ಒಮ್ಮತದಿಂದ ಪಾಲಿಸಿಕೊಂಡು ಬಂದ ನಿಯಮ. ಯಾರೂ ಬರೆದಿಡದ ಈ ನಿಯಮವು ಅನೇಕ ಬೀದಿಗಳಲ್ಲಿ ಶಾಂತಿಯನ್ನು ಕಾಯ್ದಿದೆ. ಇತ್ತೀಚಿನ ವರ್ಷಗಳಲ್ಲಿ ಅಂತಹ ತಟ್ಟೆಗಳ ಓಡಾಟ ವಿರಳವಾಗುತ್ತಿದೆ. ಅವರ ಅಡುಗೆ ಅವರಿಗೆ, ನಮ್ಮ ಅಡುಗೆ ನಮಗೆ ಎಂಬ ಮನೋಭಾವವು ಎರಡೂ ಕಡೆಯ ಮನೆಗಳಲ್ಲಿ ಬೇರೂರುತ್ತಿದೆ. ಈ ಕುರಿತು ಮುಸ್ಲಿಮ್ ಕುಟುಂಬಗಳು ಗಂಭೀರವಾಗಿ ಚಿಂತಿಸಬೇಕಾಗಿದೆ.

ನಮ್ಮ ಅಭಿಪ್ರಾಯವನ್ನು ಆರಂಭದಲ್ಲೇ ಸ್ಪಷ್ಟಪಡಿಸುತ್ತೇವೆ. ಹಲಾಲ್‌ನ ಮೇರೆಯೊಳಗಿದ್ದುಕೊಂಡು ನೆರೆಹೊರೆಯವರ ಸಾಂಪ್ರದಾಯಿಕ ಅಡುಗೆಗಳನ್ನು ಕಲಿತು ನಮ್ಮ ಮನೆಗಳಲ್ಲಿ ಮಾಡುವುದು, ಹಾಗೆಯೇ ನೆರೆಯವರು ನಿಶ್ಚಿಂತೆಯಿಂದ ಉಣ್ಣಬಹುದಾದ ಒಂದು ಪಾತ್ರೆಯನ್ನು ನಮ್ಮ ಒಲೆಯ ಮೇಲಿಡುವುದು ನೆರೆಯವರ ಹಕ್ಕನ್ನು ಪೂರೈಸುವ ಒಂದು ವಿಧಾನವಾಗಿದೆ. ಇದರಿಂದ ನಮ್ಮ ಧರ್ಮನಿಷ್ಠೆಗೆ ಯಾವ ಕೊರತೆಯೂ ಉಂಟಾಗುವುದಿಲ್ಲ.

ಮೂರು ನಾಡುಗಳು ಕೂಡುವ ಸೀಮೆ

ಈ ಮಾತನ್ನು ಹೇಳಲು ಚಾಮರಾಜನಗರ ಮತ್ತು ಗುಂಡ್ಲುಪೇಟೆಗಳಿಗಿಂತ ಸೂಕ್ತವಾದ ಸ್ಥಳ ಕನ್ನಡನಾಡಿನಲ್ಲಿ ಸಿಗುವುದು ಕಷ್ಟ. 1997ರಲ್ಲಿ ಮೈಸೂರು ಜಿಲ್ಲೆಯಿಂದ ಬೇರ್ಪಟ್ಟ ಈ ಜಿಲ್ಲೆಯ ಒಂದು ಮಗ್ಗುಲಲ್ಲಿ ಕೇರಳದ ವಯನಾಡು, ಇನ್ನೊಂದು ಮಗ್ಗುಲಲ್ಲಿ ತಮಿಳುನಾಡಿನ ನೀಲಗಿರಿ ಮತ್ತು ಈರೋಡ್ ಜಿಲ್ಲೆಗಳಿವೆ. ಮೈಸೂರಿನಿಂದ ಬರುವ ರಸ್ತೆ ಗುಂಡ್ಲುಪೇಟೆಯನ್ನು ದಾಟಿ ಕವಲಾಗುತ್ತದೆ. ಒಂದು ಸುಲ್ತಾನ್ ಬತ್ತೇರಿಯ ಮಾರ್ಗವಾಗಿ ಕೋಝಿಕ್ಕೋಡಿಗೆ, ಮತ್ತೊಂದು ಬಂಡೀಪುರದ ಮಾರ್ಗವಾಗಿ ಗೂಡಲೂರು, ಊಟಿಗಳಿಗೆ. ಚಾಮರಾಜನಗರದಿಂದ ಹೊರಟ ಹಾದಿ ಹಾಸನೂರು, ದಿಂಬಂ ಘಟ್ಟಗಳನ್ನಿಳಿದು ಸತ್ಯಮಂಗಲ ಸೇರುತ್ತದೆ. ಗಡಿಯಾಚೆಯ ತಾಳವಾಡಿ ತಮಿಳುನಾಡಿಗೆ ಸೇರಿದ್ದರೂ ಅಲ್ಲಿನ ಬಹಳಷ್ಟು ಮನೆಗಳ ಮಾತು ಕನ್ನಡವೇ.

ದಾರಿಗಳು ಕೂಡಿದಲ್ಲಿ ಅಡುಗೆಗಳೂ ಕೂಡುತ್ತವೆ. ಇಲ್ಲಿನ ಮುಸ್ಲಿಮ್ ಸಮುದಾಯವನ್ನೇ ನೋಡಿರಿ. ಮನೆಯಲ್ಲಿ ದಖ್ಖನಿ ಉರ್ದು ಮಾತಾಡುವವರ ಮನೆಯಲ್ಲಿ ಖುಷ್ಕಾ, ದಾಲ್ಚಾ, ಶೀರ್‌ಖುರ್ಮಾ. ಮಲಬಾರಿನ ಮೂಲದವರ ಮನೆಯಲ್ಲಿ ಪತ್ತಿರಿ ಮತ್ತು ವಯನಾಡಿನ ಜೀರಕಶಾಲ ಅಕ್ಕಿಯ ಬಿರಿಯಾನಿ. ತಮಿಳು ಮಾತಾಡುವವರ ಮನೆಯಲ್ಲಿ ರಮಝಾನಿನ ಗಂಜಿ ಮತ್ತು ಇಡಿಯಾಪ್ಪಂ. ಒಂದೇ ಮಸೀದಿಯಲ್ಲಿ ಒಂದೇ ಸಾಲಿನಲ್ಲಿ ನಿಲ್ಲುವವರು ಒಂದೇ ಬಗೆಯ ಊಟಕ್ಕೆ ಕೂರುವುದಿಲ್ಲ. ಸುತ್ತಲಿನ ಸಮಾಜವೂ ಹಾಗೆಯೇ. ಲಿಂಗಾಯತರ ಮನೆಯ ಕಾಳುಹುಳಿ, ಒಬ್ಬಟ್ಟು. ರೈತರ ಮನೆಯ ಹಿಟ್ಟು, ಉಪ್ಪೆಸರು, ಬಸ್ಸಾರು, ಹುರುಳಿಕಟ್ಟಿನ ಸಾರು, ಹುಚ್ಚೆಳ್ಳಿನ ಚಟ್ನಿ. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಕಾಡುಗೆಣಸು, ಸೊಪ್ಪು, ಜೇನು, ರಾಗಿರೊಟ್ಟಿ. ಹನೂರು ತಾಲ್ಲೂಕಿನ ಒಡೆಯರಪಾಳ್ಯದಲ್ಲಿ 1970ರ ದಶಕದಿಂದ ನೆಲೆಸಿರುವ ಟಿಬೆಟನ್ ನಿರಾಶ್ರಿತರು ತಮ್ಮ ಮೊಮೊ ಮತ್ತು ಥುಕ್ಪಾಗಳನ್ನು ಹಿಮಾಲಯದಾಚೆಯಿಂದ ಇಲ್ಲಿಗೆ ತಂದಿದ್ದಾರೆ.

ವಿಚಿತ್ರವೆಂದರೆ, ಹೆಸರು ಬೇರೆಯಾದರೂ ಈ ಅಡುಗೆಗಳಲ್ಲಿ ಎಷ್ಟೋ ಒಂದೇ ಆಗಿವೆ. ಮೈಸೂರು ಸೀಮೆಯ ಗೃಹಿಣಿ ಒರಳಿನಲ್ಲಿ ಒತ್ತಿ ಕಾಯಿಹಾಲಿನೊಡನೆ ಬಡಿಸುವ ಒತ್ತುಶ್ಯಾವಿಗೆಯೇ ತಮಿಳರ ಇಡಿಯಾಪ್ಪಂ, ಮಲಬಾರಿನವರ ನೂಲ್‌ಪುಟ್ಟು. ನಮ್ಮ ಮುದ್ದೆಯನ್ನು ಗಡಿ ದಾಟಿದ ಕೂಡಲೇ ಕಳಿ ಎನ್ನುತ್ತಾರೆ. ಅಕ್ಕಿಹಿಟ್ಟನ್ನು ಬಿಸಿನೀರಿನಲ್ಲಿ ನಾದಿ ತೆಳ್ಳಗೆ ಮಾಡುವ ಪತ್ತಿರಿಗೂ ನಮ್ಮ ಅಕ್ಕಿರೊಟ್ಟಿಗೂ ಇರುವುದು ಅಕ್ಕತಂಗಿಯರ ಸಂಬಂಧ. ಮಾಗಿಯ ಚಳಿಯಲ್ಲಿ ಸೊಗಡಿನ ಅವರೆಕಾಯಿ ಬಂದಿತೆಂದರೆ ಒಂದು ಮನೆಯಲ್ಲಿ ಅದು ಹಿತಕಿದ ಬೇಳೆಯ ಸಾರಾಗುತ್ತದೆ, ಪಕ್ಕದ ಮನೆಯಲ್ಲಿ ಕುರಿಮಾಂಸದೊಡನೆ ಬೇಯುತ್ತದೆ. ಕಾಳು ಒಂದೇ ಹೊಲದ್ದು.

ಯಾರದು ಯಾವ ಆಹಾರ?

ಇದು ನಮ್ಮದು, ಅದು ಅವರದು ಎಂದು ಗೆರೆ ಎಳೆಯುವವರು ಆಹಾರದ ಚರಿತ್ರೆಯನ್ನು ಸ್ವಲ್ಪ ಅವಲೋಕಿಸಬೇಕು. ಹಿಂದೂ ಮನೆಗಳ ಮದುವೆಯ ಎಲೆಯಲ್ಲಿ ಬಡಿಸುವ ಕಾಶಿ ಹಲ್ವದ 'ಹಲ್ವ' ಅರಬಿ ಶಬ್ದ. ಜಿಲೇಬಿಯ ಹೆಸರಿನ ಮೂಲವೂ ಅರಬಿಯೇ. ಬಿರಿಯಾನಿ, ಶೀರ್‌ಖುರ್ಮಾ ಎಂಬ ಹೆಸರುಗಳು ಪಾರಸಿಯಿಂದ ಬಂದವು. ಮೆಣಸಿನಕಾಯಿ, ಟೊಮೆಟೊ, ಆಲೂಗಡ್ಡೆ, ಕಡಲೆಕಾಯಿಗಳು ಅಮೆರಿಕ ಖಂಡದ ಬೆಳೆಗಳು. ಯುರೋಪಿನ ಹಡಗುಗಳು 1500ರ ನಂತರ ಅವನ್ನು ಇಲ್ಲಿಗೆ ತಲುಪಿಸಿದವು. ಅದಕ್ಕೆ ಮುಂಚಿನ ನಮ್ಮ ಅಜ್ಜಂದಿರು, ಹಿಂದೂಗಳಿರಲಿ ಮುಸ್ಲಿಮರಿರಲಿ, ಖಾರಕ್ಕೆ ಕರಿಮೆಣಸನ್ನೇ ಅವಲಂಬಿಸಿದ್ದರು.

ರಾಗಿಯ ಕಥೆ ಇನ್ನೂ ಮನನೀಯ. ಈ ಜಿಲ್ಲೆಯ ಮಣ್ಣಿನ ಮಗಳೆಂಬಂತೆ ಕಾಣುವ ರಾಗಿಯ ತವರು ಪೂರ್ವ ಆಫ್ರಿಕಾದ ಎತ್ತರದ ಭೂಮಿ. ಅಂದರೆ ಇಂದಿನ ಇಥಿಯೋಪಿಯಾ ಮತ್ತು ಉಗಾಂಡಾದ ಸೀಮೆ. ಸಾವಿರಾರು ವರ್ಷಗಳ ಹಿಂದೆ ಅದು ಭಾರತಕ್ಕೆ ಬಂದು ನೆಲೆಯೂರಿತು. ಇಥಿಯೋಪಿಯಾ ಎಂದರೆ ನಮ್ಮ ಚರಿತ್ರೆಯ ಅಬಿಸೀನಿಯಾ. ಮಕ್ಕಾದ ಹಿಂಸೆಯನ್ನು ತಾಳಲಾರದೆ ಹೊರಟ ಮೊದಲ ಮುಸ್ಲಿಮರಿಗೆ ಆಶ್ರಯವಿತ್ತ ಕ್ರೈಸ್ತ ದೊರೆ ನಜಾಶಿಯ ನಾಡು ಅದು. ಮೊದಲ ಮುಅಝ್ಝಿನ್ ಹ. ಬಿಲಾಲ್‌(ರ)ರವರ ಮೂಲ ನೆಲವೂ ಅದೇ. ಬಡವರ ಊಟವೆಂದು ಮುದ್ದೆಯ ಬಗ್ಗೆ ಕೀಳುಭಾವನೆ ತಾಳುವ ನಮ್ಮ ಯುವಕರು ಇದನ್ನು ನೆನಪಿಟ್ಟುಕೊಳ್ಳಲಿ. 2023ನೇ ವರ್ಷವನ್ನು ವಿಶ್ವಸಂಸ್ಥೆಯು ಅಂತಾರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿದಾಗ ಪಟ್ಟಣದವರು ದುಬಾರಿ ಬೆಲೆ ತೆತ್ತು ರಾಗಿಯ ಬಿಸ್ಕತ್ತು ಕೊಂಡರು. 100 ಗ್ರಾಂ ರಾಗಿಯಲ್ಲಿ ಸುಮಾರು 340 ಮಿಲಿಗ್ರಾಂ ಕ್ಯಾಲ್ಸಿಯಂ ಇದ್ದರೆ ಅಷ್ಟೇ ತೂಕದ ಬಿಳಿ ಅಕ್ಕಿಯಲ್ಲಿರುವುದು 10ರ ಆಸುಪಾಸು. ನೆರೆಯ ರೈತನ ಮನೆಯಲ್ಲಿ ದಿನವೂ ಬೇಯುವ ಈ ಅನುಗ್ರಹವನ್ನು ಬಿಟ್ಟು, ನಮ್ಮ ಮಕ್ಕಳ ಬಾಯಿಗೆ ಹೆದ್ದಾರಿಯ ಬದಿಯ ಶವರ್ಮಾ, ಅಲ್‌ಫಹಾಮ್‌ಗಳ ರುಚಿಯನ್ನಷ್ಟೇ ಹತ್ತಿಸುವುದು ಜಾಣತನವಲ್ಲ.

ಇಸ್ಲಾಮ್ ಯಾವುದೇ ಒಂದು ನಾಡಿನ ಅಡುಗೆಯನ್ನು ಮುಸ್ಲಿಮರ ಅಡುಗೆಯೆಂದು ನಿಗದಿಪಡಿಸಿಲ್ಲ. ಯಾವುದು ಅನುಮತಿಸಲ್ಪಟ್ಟಿದೆ, ಯಾವುದು ನಿಷಿದ್ಧ ಎಂಬುದನ್ನು ಅದು ತಿಳಿಸಿದೆ. ಅಲ್ಲಾಹನ ನಾಮದಿಂದ ಆರಂಭಿಸುವುದು, ಬಲಗೈಯಿಂದ ಉಣ್ಣುವುದು, ತನ್ನ ಮುಂದಿನ ಭಾಗದಿಂದ ತೆಗೆದುಕೊಳ್ಳುವುದು, ದುಂದು ಮಾಡದಿರುವುದು, ಕೊನೆಯಲ್ಲಿ ಕೃತಜ್ಞತೆ ಅರ್ಪಿಸುವುದು ಎಂಬ ಶಿಷ್ಟಾಚಾರವನ್ನು ಕಲಿಸಿದೆ. ಮಿಕ್ಕಂತೆ ಇಂಡೋನೇಷ್ಯಾದ ವಿಶ್ವಾಸಿ ತನ್ನ ತೆಂಗಿನಹಾಲಿನ ಅಡುಗೆಯನ್ನೂ ಮೊರಾಕ್ಕೊದ ವಿಶ್ವಾಸಿ ತನ್ನ ಕುಸ್ಕುಸನ್ನೂ ಉಣ್ಣುತ್ತಾನೆ. ಚಾಮರಾಜನಗರದ ವಿಶ್ವಾಸಿಯು ಬಿಸ್ಮಿಲ್ಲಾ ಹೇಳಿ ಉಪ್ಪೆಸರಿಗೆ ಮುದ್ದೆಯನ್ನು ಅದ್ದಿದರೆ ಆತನ ಮುಸ್ಲಿಮ್ ಗುರುತು ಮಾಸುವುದಿಲ್ಲ. ಮಸಾಲೆಯಲ್ಲಿ ಗುರುತನ್ನು ಹುಡುಕುವವರು ಉಣ್ಣುವ ಶಿಷ್ಟಾಚಾರದಲ್ಲಿ ಅದನ್ನು ಹುಡುಕಲಿ.

ಪ್ರವಾದಿವರ್ಯರ(ಸ) ಊಟದ ಹಾಸು

ಪ್ರವಾದಿವರ್ಯರ(ಸ) ಜೀವನದಲ್ಲಿ ಈ ವಿಷಯಕ್ಕೆ ಸಂಬಂಧಿಸಿದ ಘಟನೆಗಳು ಹಲವು. ಒಬ್ಬ ದರ್ಜಿ ತನ್ನ ಮನೆಗೆ ಅವರನ್ನು ಊಟಕ್ಕೆ ಕರೆದ. ಬಾರ್ಲಿಯ ರೊಟ್ಟಿ, ಸೋರೆಕಾಯಿ ಮತ್ತು ಒಣಮಾಂಸ ಹಾಕಿದ ಸಾರು, ಅಷ್ಟೇ. ಪ್ರವಾದಿವರ್ಯರು(ಸ) ತಟ್ಟೆಯಲ್ಲಿ ಸೋರೆಕಾಯಿಯ ಹೋಳುಗಳನ್ನು ಆರಿಸಿ ತಿನ್ನುತ್ತಿದ್ದುದನ್ನು ಕಂಡ ಹ. ಅನಸ್‌(ರ)ರವರು ಅಂದಿನಿಂದ ತಮಗೂ ಸೋರೆಕಾಯಿ ಪ್ರಿಯವಾಯಿತೆಂದು ತಿಳಿಸಿದ್ದಾರೆ. ಬಡಿಸಿದ ಊಟದಲ್ಲಿ ಅವರು ಎಂದೂ ಕುಂದು ಎಣಿಸಿದವರಲ್ಲ. ಇಷ್ಟವಾದರೆ ತಿನ್ನುತ್ತಿದ್ದರು, ಇಲ್ಲವಾದರೆ ಸುಮ್ಮನೆ ಬಿಡುತ್ತಿದ್ದರು.

ಇನ್ನೊಂದು ಘಟನೆಯಂತೂ ಇಂದಿನ ಪರಿಸ್ಥಿತಿಗೆ ಹೇಳಿಮಾಡಿಸಿದಂತಿದೆ. ಹ. ಮೈಮೂನಾ(ರ)ರವರ ಮನೆಯಲ್ಲಿ ಮರುಭೂಮಿಯ ಉಡದ ಜಾತಿಯ ಪ್ರಾಣಿಯೊಂದರ ಸುಟ್ಟ ಮಾಂಸವನ್ನು ಬಡಿಸಲಾಯಿತು. ಅದೇನೆಂದು ತಿಳಿದಾಗ ಪ್ರವಾದಿವರ್ಯರು(ಸ) ಚಾಚಿದ ಕೈಯನ್ನು ಹಿಂದೆಗೆದರು. ಇದು ನಿಷಿದ್ಧವೇ ಎಂದು ಹ. ಖಾಲಿದ್ ಬಿನ್ ವಲೀದ್‌(ರ)ರವರು ಕೇಳಿದರು. ನಿಷಿದ್ಧವಲ್ಲ, ತಮ್ಮ ಜನರ ನಾಡಿನಲ್ಲಿ ಅದು ಇಲ್ಲದಿರುವುದರಿಂದ ತಮಗೆ ಹಿಡಿಸದು ಎಂಬ ಆಶಯದ ಉತ್ತರ ಅವರಿಂದ ಬಂದಿತು. ಖಾಲಿದ್‌(ರ)ರವರು ಅದನ್ನು ತಮ್ಮೆಡೆಗೆ ಎಳೆದುಕೊಂಡು ತಿಂದರು, ಪ್ರವಾದಿವರ್ಯರು(ಸ) ನೋಡುತ್ತಿದ್ದರು. ಒಂದೇ ಹಾಸಿನ ಮೇಲೆ ಒಬ್ಬರು ಉಂಡರು, ಒಬ್ಬರು ಬಿಟ್ಟರು. ಉಂಡವರನ್ನು ಯಾರೂ ಹೀಯಾಳಿಸಲಿಲ್ಲ, ಬಿಟ್ಟವರ ಬಗ್ಗೆ ಯಾರೂ ನೊಂದುಕೊಳ್ಳಲಿಲ್ಲ. ರೂಢಿಯಿಂದ ಬರುವ ಅರುಚಿ ಒಂದು, ಧರ್ಮದ ನಿಷೇಧ ಇನ್ನೊಂದು. ಈ ಎರಡನ್ನು ಬೆರೆಸದಿರುವುದೇ ಊಟದ ವಿಷಯದಲ್ಲಿ ಅರ್ಧ ಜಗಳವನ್ನು ತಪ್ಪಿಸುತ್ತದೆ.

ನೆರೆಯವರಿಗೆ ಸಂಬಂಧಿಸಿದ ಉಪದೇಶವಂತೂ ಅಡುಗೆಮನೆಯಿಂದಲೇ ಆರಂಭವಾಗುತ್ತದೆ. ಸಾರು ಮಾಡುವಾಗ ನೀರನ್ನು ಹೆಚ್ಚಿಸಿ ನೆರೆಯವರನ್ನು ನೆನೆಯಬೇಕೆಂದು ಪ್ರವಾದಿವರ್ಯರು(ಸ) ಹ. ಅಬೂದರ್ರ್‌(ರ)ರವರಿಗೆ ತಿಳಿಸಿದರು. ಇಲ್ಲಿ ಗಮನಿಸಬೇಕಾದ ಸೂಕ್ಷ್ಮವಿದೆ. ನೀರು ಹೆಚ್ಚಿಸುವುದು ಅಡುಗೆ ಆಗುತ್ತಿರುವಾಗ. ಅಂದರೆ ಒಲೆಯ ಮುಂದೆ ನಿಂತಾಗಲೇ ನೆರೆಯವನು ನೆನಪಿಗೆ ಬರಬೇಕು. ನಾವು ಉಂಡು ಮಿಕ್ಕದ್ದನ್ನು ಸಾಗಿಸುವ ಮಾತು ಇದಲ್ಲ. ಕುರಿಯ ಗೊರಸೇ ಆಗಿರಲಿ, ನೆರೆಯಾಕೆ ಕೊಟ್ಟದ್ದನ್ನು ಕಡೆಗಣಿಸಬಾರದೆಂದು ಮುಸ್ಲಿಮ್ ಸ್ತ್ರೀಯರಿಗೆ ವಿಶೇಷವಾಗಿ ಬೋಧಿಸಲಾಗಿದೆ. ಮನೆಯಲ್ಲಿ ಕುರಿ ಕೊಯ್ದಾಗ ಹ. ಅಬ್ದುಲ್ಲಾ ಬಿನ್ ಅಮ್ರ್‌(ರ)ರವರು ತಮ್ಮ ಯಹೂದಿ ನೆರೆಯವನಿಗೆ ಪಾಲು ತಲುಪಿತೇ ಎಂದು ಮತ್ತೆ ಮತ್ತೆ ವಿಚಾರಿಸಿದರು. ನೆರೆಯವನ ಹಕ್ಕಿಗೆ ಧರ್ಮದ ಶರತ್ತು ಇಲ್ಲವೆಂಬುದನ್ನು ಅವರು ಪ್ರವಾದಿವರ್ಯರ(ಸ) ಬೋಧನೆಯಿಂದಲೇ ಅರಿತಿದ್ದರು.

ನಮ್ಮ ನೆರೆಯವನು ಲಿಂಗಾಯತನಾಗಿದ್ದರೆ ಈ ಉಪದೇಶವನ್ನು ಪಾಲಿಸುವುದು ಹೇಗೆ? ಮಾಂಸದ ಸಾರಿಗೆ ಎಷ್ಟು ನೀರು ಸುರಿದರೂ ಅದು ಆತನನ್ನು ತಲುಪದು. ಆದುದರಿಂದ ಆತ ಉಣ್ಣಬಲ್ಲ ಅಡುಗೆಯನ್ನು ನಾವು ಕಲಿಯಬೇಕಾಗುತ್ತದೆ. ನೆರೆಯವರ ಅಡುಗೆಯನ್ನು ಕಲಿಯುವುದು ಬರಿಯ ಹವ್ಯಾಸವಲ್ಲವೆಂದು ನಾವು ಹೇಳುವುದು ಈ ಕಾರಣದಿಂದ.

ಆಕ್ಷೇಪಗಳು

ಮೊದಲನೆಯ ಆಕ್ಷೇಪ ಹಲಾಲ್‌ಗೆ ಸಂಬಂಧಿಸಿದ್ದು. ಈ ವಿಷಯದಲ್ಲಿ ಯಾವ ಸಡಿಲಿಕೆಯನ್ನೂ ನಾವು ಪ್ರತಿಪಾದಿಸುತ್ತಿಲ್ಲ. ಅನುಮತಿಸಲ್ಪಡದ ಮಾಂಸ, ಮದ್ಯ, ದೇವರ ಮುಂದಿಟ್ಟು ಅರ್ಪಿಸಿದ ನೈವೇದ್ಯ ಇವುಗಳ ವಿಧಿ ಸ್ಪಷ್ಟವಿದೆ. ಸಂದೇಹವಿದ್ದವರು ತಮ್ಮ ಊರಿನ ವಿದ್ವಾಂಸರಲ್ಲಿ ಕೇಳಿ ತಿಳಿಯಲಿ. ಆದರೆ ಈ ಸೀಮೆಯ ನೆರೆಮನೆಗಳಲ್ಲಿ ವರ್ಷವಿಡೀ ಬೇಯುವುದು ಬಹುಪಾಲು ರಾಗಿ, ಅಕ್ಕಿ, ಅವರೆ, ಹುರುಳಿ, ಸೊಪ್ಪು, ಸೋರೆ, ಕುಂಬಳ. ಇವುಗಳ ಪಾಕವನ್ನು ಕಲಿತು ನಮ್ಮ ಪಾತ್ರೆಯಲ್ಲಿ ನಾವೇ ಬೇಯಿಸಿದರೆ ಪ್ರಶ್ನೆಗೆ ಎಡೆಯೆಲ್ಲಿದೆ? ಹಬ್ಬದ ದಿನ ಬರುವ ತಟ್ಟೆಯ ಬಗ್ಗೆ, ಪೂಜೆಗೆ ಇಡದುದನ್ನು ಪ್ರತ್ಯೇಕವಾಗಿ ತೆಗೆದಿರಿಸಬಹುದೇ ಎಂದು ವಿನಯದಿಂದ ಕೇಳಿದರೆ ಅದನ್ನು ಅರ್ಥಮಾಡಿಕೊಳ್ಳುವ ನೆರೆಯವರು ನಮ್ಮ ನಾಡಿನಲ್ಲಿ ಕಡಿಮೆಯಿಲ್ಲ. ಮೌನವಾಗಿ ಸ್ವೀಕರಿಸಿ ಹಿತ್ತಲಿನಲ್ಲಿ ಚೆಲ್ಲುವುದಕ್ಕಿಂತ ಬಾಯಿಬಿಟ್ಟು ಹೇಳುವುದು ಪ್ರಾಮಾಣಿಕ ನಡೆ. ಅನ್ನವನ್ನು ಚೆಲ್ಲುವುದು ಬೇರೆಯೇ ಪಾಪ.

ಎರಡನೆಯ ಆಕ್ಷೇಪ: ನಾವು ಕೊಟ್ಟದ್ದನ್ನು ಅವರು ಉಣ್ಣುವುದಿಲ್ಲ, ನಾವೇಕೆ ತಲೆ ಕೆಡಿಸಿಕೊಳ್ಳಬೇಕು? ಈ ದೂರಿನಲ್ಲಿ ಎರಡು ಬೇರೆ ವಿಷಯಗಳು ಅಡಗಿವೆ. ಮಾಂಸ ಬೆಂದ ಪಾತ್ರೆಯ ಊಟವನ್ನು ಸಸ್ಯಾಹಾರದ ವ್ರತವುಳ್ಳವರು ಬಿಡುವುದು, ಹಂದಿಮಾಂಸ ಬೆಂದ ಪಾತ್ರೆಯ ಊಟವನ್ನು ನಾವು ಬಿಡುವಂತೆಯೇ. ನಮ್ಮ ಎಚ್ಚರವನ್ನು ಇತರರು ಗೌರವಿಸಬೇಕೆಂದು ಬಯಸುವ ನಾವು ಅವರ ಎಚ್ಚರವನ್ನೂ ಗೌರವಿಸಬೇಕು. ಇದಕ್ಕೆ ಹಿರಿಯರು ಕಂಡುಕೊಂಡ ಪರಿಹಾರಗಳಿವೆ. ಬೇರೆ ಪಾತ್ರೆ, ಬೇರೆ ಸೌಟು ಇಟ್ಟು ಮೊದಲು ಸಸ್ಯಾಹಾರವನ್ನು ಮಾಡಿ ಮುಗಿಸುವುದು. ಮದುವೆಗೆ ಬರುವ ನೆರೆಯವರಿಗಾಗಿ ಅವರವರೇ ಆದ ಅಡುಗೆಯವರನ್ನು ಕರೆಸುವುದು. ಬೇಯಿಸಿದ್ದನ್ನು ಸ್ವೀಕರಿಸದವರ ಮನೆಗೆ ಅಕ್ಕಿ, ಬೇಳೆ, ಬೆಲ್ಲ, ತೆಂಗಿನಕಾಯಿಗಳನ್ನು ಸ್ವಯಂಪಾಕವಾಗಿ ಕಳುಹಿಸುವುದು. ಬೇಯಿಸದ ಅಕ್ಕಿಯೂ ನೆರೆಯ ಪ್ರೀತಿಯನ್ನು ಹೊರಬಲ್ಲದು.

ಆದರೆ ಯಾರ ಕೈಯಿಂದ ಬಂದಿತೆಂಬ ಕಾರಣಕ್ಕೆ ಅನ್ನವನ್ನೂ ನೀರನ್ನೂ ಮೈಲಿಗೆಯೆಂದು ಬಿಡುವುದು ವ್ರತವಲ್ಲ, ಮನುಷ್ಯನಿಗೆ ಮಾಡುವ ಅವಮಾನ. 2022ರ ನವೆಂಬರ್‌ನಲ್ಲಿ ಚಾಮರಾಜನಗರ ತಾಲ್ಲೂಕಿನ ಹೆಗ್ಗೋಠಾರ ಗ್ರಾಮದಲ್ಲಿ ಮದುವೆಗೆಂದು ಬಂದಿದ್ದ ದಲಿತ ಮಹಿಳೆಯೊಬ್ಬರು ತೊಂಬೆಯ ನಲ್ಲಿಯಲ್ಲಿ ನೀರು ಕುಡಿದರೆಂದು ಆ ನೀರನ್ನು ಖಾಲಿ ಮಾಡಿ ಗೋಮೂತ್ರದಿಂದ ತೊಳೆಯಲಾಯಿತೆಂಬ ಸುದ್ದಿ ನಾಡಿನ ಮನಸ್ಸನ್ನು ಕಲಕಿತ್ತು. ಈ ನೋವಿನ ಹೆಚ್ಚಿನ ಪಾಲನ್ನು ಉಂಡವರು ನಮ್ಮ ದಲಿತ ನೆರೆಯವರು. ಇತರರ ಮಡಿವಂತಿಕೆಯನ್ನು ಖಂಡಿಸುವ ಮುಸ್ಲಿಮ್ ಮನೆಯು ತನ್ನನ್ನೂ ಪ್ರಶ್ನಿಸಿಕೊಳ್ಳಬೇಕು. ದಲಿತ ಕೇರಿಯ ಮನೆಯಿಂದ ಬಂದ ರಾಗಿರೊಟ್ಟಿಯನ್ನು, ಬೆಟ್ಟದ ಸೋಲಿಗರು ತಂದುಕೊಟ್ಟ ಗೆಣಸನ್ನು ಅದು ಯಾವ ಮುಖಭಾವದಿಂದ ಸ್ವೀಕರಿಸುತ್ತದೆ? ಎಲ್ಲ ಮನುಷ್ಯರೂ ಆದಮರ ಸಂತತಿಯೆಂದು ಸಾರುವ ಧರ್ಮದ ಅನುಯಾಯಿಗಳ ಊಟದ ಹಾಸಿನಲ್ಲಿ ಜಾತಿಗೆ ಜಾಗವಿಲ್ಲ. ಆ ರೊಟ್ಟಿಯನ್ನು ಮಕ್ಕಳ ಕಣ್ಣೆದುರಿಗೆ ಸಂತೋಷದಿಂದ ಮುರಿದು ತಿನ್ನುವುದು ಅವರಿಗೆ ನೂರು ಪ್ರವಚನಗಳಿಗಿಂತ ಹೆಚ್ಚಿನ ಪಾಠವಾಗುತ್ತದೆ.

ಮೂರನೆಯ ಆಕ್ಷೇಪವನ್ನು ಸಾಮಾನ್ಯವಾಗಿ ಸ್ತ್ರೀಯರು ಎತ್ತುತ್ತಾರೆ, ಅದು ನ್ಯಾಯವಾದುದು. ಸದ್ಭಾವನೆಯ ಹೆಸರಿನಲ್ಲಿ ಅವರ ಹೆಗಲಿಗೇ ಇನ್ನೊಂದು ಹೊರೆ ಬೀಳಬೇಕೇ? ಮುದ್ದೆಯನ್ನು ಕೋಲಿನಿಂದ ಗಂಟಿಲ್ಲದಂತೆ ತಿರುವಲು, ಒತ್ತುಶ್ಯಾವಿಗೆಯ ಒರಳನ್ನು ಅದುಮಲು ತೋಳಿನ ಬಲ ಬೇಕು. ಆ ಬಲವಿರುವ ಗಂಡಸರು ಮೊಬೈಲ್ ಹಿಡಿದು ಕೂರುವುದು ಸರಿಯಲ್ಲ. ಪ್ರವಾದಿವರ್ಯರು(ಸ) ಮನೆಯಲ್ಲಿರುವಾಗ ಮನೆಯವರ ಕೆಲಸದಲ್ಲಿ ತೊಡಗಿರುತ್ತಿದ್ದರೆಂದು ಹ. ಆಯಿಶಾ(ರ)ರವರು ತಿಳಿಸಿದ್ದಾರೆ. ಈ ಮಾದರಿಯನ್ನು ಅನುಸರಿಸುವ ಗಂಡು ಮಕ್ಕಳು ಕಾಯಿ ತುರಿಯಲಿ, ಅವರೆ ಹಿತಕಲಿ, ತಟ್ಟೆಯನ್ನು ನೆರೆಮನೆಗೆ ಕೊಂಡೊಯ್ಯಲಿ. ತಟ್ಟೆ ಹೊತ್ತು ಹೋದ ಮಗುವಿಗೆ ಆ ಮನೆಯ ಹೊಸ್ತಿಲು ಪರಿಚಿತವಾಗುತ್ತದೆ. ಆ ಮನೆಯ ಅಜ್ಜಿ ಅದಕ್ಕೂ ಅಜ್ಜಿಯಾಗುತ್ತಾಳೆ. ಮುಂದೊಂದು ದಿನ ಯಾರೋ ಬಂದು ಆ ಮನೆಯವರ ಬಗ್ಗೆ ಕಿವಿಯೂದಿದರೆ ಆ ಮಗು ಸುಲಭವಾಗಿ ನಂಬುವುದಿಲ್ಲ.

ಪ್ರದರ್ಶನ ಬೇಡ, ಅಭ್ಯಾಸ ಬೇಕು

ಇತ್ತೀಚೆಗೆ ಸೌಹಾರ್ದದ ಹೆಸರಿನಲ್ಲಿ ವೇದಿಕೆ ಹಾಕಿ ನಡೆಸುವ ಇಫ್ತಾರ್ ಕೂಟಗಳು ಹೆಚ್ಚಿವೆ. ಅವುಗಳ ಉದ್ದೇಶವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ವರ್ಷಕ್ಕೊಮ್ಮೆ ಗಣ್ಯರನ್ನು ಕರೆದು ಛಾಯಾಚಿತ್ರ ತೆಗೆಸಿಕೊಳ್ಳುವುದರಿಂದ ಓಣಿಯ ಮೂರನೆಯ ಮನೆಯವರ ಮನಸ್ಸು ಹತ್ತಿರವಾಗುವುದಿಲ್ಲ. ಅವರಿಗೆ ಬೇಕಾದುದು ಯಾವ ವಿಶೇಷವೂ ಇಲ್ಲದ ಮಂಗಳವಾರದ ಬಸ್ಸಾರಿನ ಒಂದು ಬಟ್ಟಲು. ಮನೆಯಲ್ಲಿ ಕಾಯಿಲೆಯಾದಾಗ, ಸಾವಾದಾಗ ಕೇಳದೆಯೇ ಬರುವ ಗಂಜಿ. ಒಳ್ಳೆಯವರೆಂದು ರುಜುವಾತು ಮಾಡಲು ನಾವು ಅಡುಗೆ ಮಾಡಬೇಕಿಲ್ಲ. ನೆರೆಯವನ ಹಕ್ಕಿನ ಬಗ್ಗೆ ಅಲ್ಲಾಹನ ಮುಂದೆ ಉತ್ತರಿಸಬೇಕಾಗಿದೆಯೆಂಬ ಪ್ರಜ್ಞೆಯಿಂದ ಮಾಡಬೇಕಾಗಿದೆ. ಅವರು ಪ್ರತಿಯಾಗಿ ಏನನ್ನು ಕೊಟ್ಟರೆಂಬ ಲೆಕ್ಕ ಅಲ್ಲಿ ಬರುವುದಿಲ್ಲ.

ಕೆಲವು ಸರಳ ಕಾರ್ಯಗಳನ್ನು ನಾವು ಸೂಚಿಸಬಯಸುತ್ತೇವೆ. ತಿಂಗಳಿಗೆ ಒಂದಾದರೂ ನೆರೆಮನೆಯ ಅಡುಗೆಯನ್ನು ಕಲಿಯೋಣ. ಮೊಬೈಲಿನ ವಿಡಿಯೊ ನೋಡಿ ಕಲಿಯುವುದು ಸುಲಭ. ಆದರೆ ಪಕ್ಕದ ಮನೆಯ ಅಮ್ಮನ ಬಳಿ ಹೋಗಿ, ಉಪ್ಪೆಸರಿನ ಖಾರಕ್ಕೆ ಬೆಳ್ಳುಳ್ಳಿ ಎಷ್ಟು, ಬಸ್ಸಾರಿಗೆ ಸೊಪ್ಪಿನ ಕಟ್ಟನ್ನು ಯಾವಾಗ ಬಸಿಯಬೇಕು ಎಂದು ಕೇಳುವುದರಲ್ಲಿ ಬೇರೆಯೇ ಲಾಭವಿದೆ. ಕಲಿಯಲು ಹೋದವರು ತಗ್ಗಿ ಹೋಗುತ್ತಾರೆ, ಕಲಿಸುವವರು ಗೌರವವನ್ನು ಅನುಭವಿಸುತ್ತಾರೆ. ಹಾಗೆಯೇ ಅವರು ಶ್ಯಾವಿಗೆ ಪಾಯಸಕ್ಕೆ ಖರ್ಜೂರ ಹಾಕುವ ನಮ್ಮ ವಿಧಾನವನ್ನು ಕೇಳಿದರೆ ಬಿಚ್ಚುಮನಸ್ಸಿನಿಂದ ಹೇಳಿಕೊಡೋಣ.

ನಮ್ಮದೇ ಹಿರಿಯರ ಅಡುಗೆಯನ್ನೂ ಉಳಿಸಿಕೊಳ್ಳೋಣ. ಮನೆಯ ನಾನಿ, ದಾದಿ, ಉಮ್ಮಂದಿರಿಗೆ ಮಾತ್ರ ಗೊತ್ತಿರುವ ದಾಲ್ಚಾದ ಹದ, ಪತ್ತಿರಿಯ ಹಿಟ್ಟಿನ ಅಳತೆ ಅವರೊಂದಿಗೇ ಮಣ್ಣಾಗುವ ಮೊದಲು ಮೊಮ್ಮಕ್ಕಳು ಒಂದು ನೋಟುಪುಸ್ತಕದಲ್ಲಿ ಬರೆದಿಡಲಿ. ನೆರೆಯವರಿಗೆ ಕೊಡಲು ನಮ್ಮಲ್ಲೂ ಏನಾದರೂ ಇರಬೇಕಲ್ಲವೇ? ಹೋಟೆಲಿನ ಡಬ್ಬಿಯನ್ನು ಒಯ್ದು ಕೊಟ್ಟರೆ ಅದು ಉಡುಗೊರೆಯಾದೀತೇ ಹೊರತು ಮನೆಯ ಊಟವಾಗದು.

ಈದ್‌ನ ದಿನ ಒಂದು ಪಾತ್ರೆ ನೆರೆಯವರದೆಂದು ಮೊದಲೇ ನಿಶ್ಚಯಿಸೋಣ. ಅದನ್ನು ಮೊದಲು ಮಾಡೋಣ, ಬೇರೆಯಾಗಿ ಮಾಡೋಣ, ಏನೇನು ಹಾಕಲಾಗಿದೆಯೆಂದು ಕೇಳದೆಯೇ ತಿಳಿಸೋಣ. ತುಪ್ಪದಲ್ಲಿ ಹುರಿದ ಶ್ಯಾವಿಗೆ, ಹಾಲು, ಬಾದಾಮಿ, ಖರ್ಜೂರ ಇದ್ದರೆ ಸಸ್ಯಾಹಾರಿಗಳಿಗೂ ಅಳುಕಿಲ್ಲ. ಸಂಕ್ರಾಂತಿಯ ಎಳ್ಳುಬೆಲ್ಲ, ಯುಗಾದಿಯ ಒಬ್ಬಟ್ಟು ಬಂದಾಗ ಬಾಗಿಲಲ್ಲೇ ತೆಗೆದುಕೊಂಡು ಬಾಗಿಲು ಹಾಕದೆ, ತಂದವರನ್ನು ಒಳಗೆ ಕರೆದು ಕೂರಿಸೋಣ. ಓಣಂ ಸಮಯದಲ್ಲಿ ಗುಂಡ್ಲುಪೇಟೆಯ ಹೂವು, ತರಕಾರಿಗಳು ಲಾರಿ ತುಂಬಿ ಕೇರಳಕ್ಕೆ ಹೋಗುತ್ತವೆ. ಅಲ್ಲಿನ ಸದ್ಯದ ಎಲೆಗೆ ಇಲ್ಲಿನ ರೈತನ ಬೆವರು ಸೇರಿರುತ್ತದೆ. ಬಂಡೀಪುರದ ಕಾಡುದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನಗಳಿಗೆ ನಿರ್ಬಂಧವಿದೆ; ವನ್ಯಜೀವಿಗಳ ಹಿತಕ್ಕಾಗಿ ಅದು ಇರಲಿ. ಮನೆ ಮನೆಗಳ ನಡುವಿನ ದಾರಿಗೆ ಅಂತಹ ಗೇಟು ಬೀಳದಂತೆ ನೋಡಿಕೊಳ್ಳುವುದು ನಮ್ಮ ಕೈಯಲ್ಲಿದೆ.

ಜೊತೆಗೆ ದುಂದುವೆಚ್ಚದ ಬಗ್ಗೆ ಎಚ್ಚರವಿರಲಿ. ಹತ್ತು ಸಂಸ್ಕೃತಿಗಳ ಹತ್ತು ಖಾದ್ಯಗಳನ್ನು ಮೇಜಿನ ಮೇಲೆ ಜೋಡಿಸಿ ಪ್ರತಿಷ್ಠೆ ಮೆರೆಯುವುದು, ಅರ್ಧವನ್ನು ತಿಪ್ಪೆಗೆ ಸುರಿಯುವುದು ಈ ಲೇಖನದ ಆಶಯಕ್ಕೆ ತೀರಾ ವಿರುದ್ಧ. ಒಂದು ಅಡುಗೆ, ಚೆನ್ನಾಗಿ ಮಾಡಿದ್ದು, ಎರಡು ಮನೆಗೆ ಸಾಲುವಷ್ಟು. ಅಷ್ಟು ಸಾಕು.

ಉಂಡ ಮನೆಗೆ ಎರಡು ಬಗೆಯಬಾರದೆಂದು ನಮ್ಮ ನಾಡಿನ ಹಿರಿಯರು ಹೇಳುತ್ತಿದ್ದರು. ಒಬ್ಬರ ಮನೆಯ ಉಪ್ಪನ್ನು ಒಬ್ಬರು ಉಂಡ ಊರಿನಲ್ಲಿ ದ್ವೇಷ ಹಬ್ಬಿಸಲು ಬಂದವನಿಗೆ ಕೆಲಸ ಕಷ್ಟವಾಗುತ್ತದೆ. ಒಬ್ಬರ ಅಡುಗೆಯ ವಾಸನೆಯೇ ಇನ್ನೊಬ್ಬರಿಗೆ ಅಪರಿಚಿತವಾದ ಊರಿನಲ್ಲಿ ಅವನ ಕೆಲಸ ಅರ್ಧ ಮುಗಿದಂತೆಯೇ. ಮಾನವರನ್ನು ಜನಾಂಗಗಳಾಗಿಯೂ ಗೋತ್ರಗಳಾಗಿಯೂ ಮಾಡಿದುದು ಪರಸ್ಪರ ಅರಿತುಕೊಳ್ಳಲಿಕ್ಕಾಗಿ ಎಂಬುದು ಪವಿತ್ರ ಕುರ್‌ಆನಿನ ಬೋಧನೆ. ಅರಿತುಕೊಳ್ಳುವ ಕೆಲಸವನ್ನು ಬೇರೆಲ್ಲಿಯೂ ಆರಂಭಿಸಲಾಗದವರು ತಮ್ಮ ಅಡುಗೆಮನೆಯಲ್ಲಿ ಆರಂಭಿಸಬಹುದು.

ಇಂದಿನ ಸಾರಿಗೆ ಒಂದು ಚೊಂಬು ನೀರು ಹೆಚ್ಚಾಗಿ ಬೀಳಲಿ. ನಮ್ಮ ಅನ್ನದಲ್ಲಿ ಸಮೃದ್ಧಿಯನ್ನೂ ನಮ್ಮ ನೆರೆಹೊರೆಯಲ್ಲಿ ಸೌಹಾರ್ದವನ್ನೂ ಅಲ್ಲಾಹನು ಅನುಗ್ರಹಿಸಲಿ. ಆಮೀನ್.